ಬಿಡುವಿನ ಲೆಕ್ಕ ಮತ್ತು ಕ್ರೋಶಾ ಕಡ್ಡಿ

ಒಂದು ಕಾಲಕ್ಕೆ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ರೇಡಿಯೊದ ಹೊದಿಕೆಯಾಗಿ, ಟೀಪಾಯಿಯ ಮೇಲಿನ ಹಾಸಾಗಿ, ದೇವರ ಮನೆಯ ಬಾಗಿಲ ತೋರಣವಾಗಿ ಕಾಣುತ್ತಿದ್ದ ಕ್ರೋಶಾ ಹೆಣಿಗೆ ಕೆಲವು ದಶಕ ಹಿನ್ನೆಲೆಗೆ ಸರಿದು ಈಗ ಮತ್ತೆ ಕಣ್ಣಿಗೆ ಬೀಳುತ್ತಿದೆ. ಬೆಂಗಳೂರಿನ ಮೆಟ್ರೊ ರೈಲಿನಲ್ಲಿ ಕಡ್ಡಿ ಹಿಡಿದು ಕುಳಿತ ತರುಣಿಯರನ್ನು ಕಾಣಬಹುದು. ನಿವೃತ್ತರಾದ ಶಿಕ್ಷಕಿಯರು ಮೊಮ್ಮಕ್ಕಳಿಗೆ ಕುಲಾವಿ ಹೆಣೆಯುವುದನ್ನು ಮತ್ತೆ ಆರಂಭಿಸಿದ್ದಾರೆ. ಇದನ್ನು ಹೊತ್ತು ಕಳೆಯುವ ಹವ್ಯಾಸವೆಂದು ಕರೆದು ಮುಂದೆ ಸಾಗುವುದು ಸುಲಭ. ಆದರೆ ಹೊತ್ತು ಯಾರದು, ಅದು ಎಲ್ಲಿಂದ ಬಂತು, ಎಷ್ಟಿದೆ ಎಂಬ ಪ್ರಶ್ನೆಗಳು ಅರ್ಥಶಾಸ್ತ್ರಕ್ಕೆ ಸೇರಿದವು. ಅವುಗಳಿಗೆ ಉತ್ತರ ಹುಡುಕಲು ಹೊರಟರೆ ವಿಷಯ ಅಷ್ಟು ಹಗುರವಲ್ಲವೆಂದು ತಿಳಿಯುತ್ತದೆ.

ನಮ್ಮ ಬಡಾವಣೆಯ ಗೃಹಿಣಿಯೊಬ್ಬರು ಪ್ರತಿ ವಾರದ ಆರಂಭದಲ್ಲಿ ಗೆರೆ ಎಳೆದ ನೋಟ್‌ಪುಸ್ತಕದಲ್ಲಿ ತಮ್ಮ ಕೈಕೆಲಸದ ಯೋಜನೆಯನ್ನು ಬರೆದಿಡುತ್ತಾರೆ. ಸೋಮವಾರ ಕುಲಾವಿಯ ಕೊನೆಯ ಸುತ್ತುಗಳು, ಒಂದೂವರೆ ಗಂಟೆ. ಮಂಗಳವಾರ ಹಾಸಿನ ಅಂಚು ಬಿಚ್ಚಿ ಮರುಹೆಣಿಗೆ, ಒಂದು ಗಂಟೆ. ಬುಧವಾರ ಹಳೆಯ ಸೀರೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಕಾಲೊರಸು, ಎರಡು ಗಂಟೆ. ಗುರುವಾರ ಇಬ್ಬರು ಗೆಳತಿಯರೊಂದಿಗೆ ಲಾಲ್‌ಬಾಗ್, ಎರಡೂವರೆ ಗಂಟೆ. ಶುಕ್ರವಾರ ಪೂಜೆ, ಅಡುಗೆ, ಹೆಣಿಗೆ ಇಲ್ಲ. ಶನಿವಾರ ಉದ್ಯಾನದಲ್ಲಿ ಕಂಡ ಹೂವೊಂದರ ಮಾದರಿಯನ್ನು ದಾರದಲ್ಲಿ ಮೂಡಿಸುವ ಪ್ರಯತ್ನ, ಎರಡು ಗಂಟೆ. ಭಾನುವಾರ ನೆಂಟರು, ಆ ಪುಟ ಖಾಲಿ. ಒಟ್ಟು ಕೂಡಿದರೆ ವಾರಕ್ಕೆ ಒಂಬತ್ತು ಗಂಟೆ. ಗುರುವಾರದ ಹೊರತು ಉಳಿದುದೆಲ್ಲ ಮಧ್ಯಾಹ್ನದ ಪಾತ್ರೆಗಳು ತೊಳೆದಾದ ಮೇಲೆ ಮತ್ತು ಸಂಜೆಯ ಕಾಫಿಗೆ ಮುನ್ನ ದೊರೆತ ಅವಕಾಶ. ಅಷ್ಟನ್ನು ಒಟ್ಟುಗೂಡಿಸಲು ಅವರಿಗೆ ಒಂದು ಪುಸ್ತಕವೇ ಬೇಕಾಗಿದೆ.

ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2024ರ ಸಮಯ ಬಳಕೆ ಸಮೀಕ್ಷೆಯನ್ನು ಈ ನೋಟ್‌ಪುಸ್ತಕದ ಪಕ್ಕದಲ್ಲಿಟ್ಟು ನೋಡಬೇಕು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆ ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾಳೆ. ಅದೇ ಕೆಲಸದಲ್ಲಿ ತೊಡಗುವ ಪುರುಷ 88 ನಿಮಿಷ. ವಾರಕ್ಕೆ ಗುಣಿಸಿದರೆ ಆಕೆಯದು ಸುಮಾರು 34 ಗಂಟೆ, ಆತನದು ಹತ್ತು ಗಂಟೆಗೆ ತುಸು ಹೆಚ್ಚು. 2019ರ ಸಮೀಕ್ಷೆಯಲ್ಲಿ ಈ ಅಂಕಿಗಳು 299 ಮತ್ತು 97 ಆಗಿದ್ದವು. ಐದು ವರ್ಷಗಳಲ್ಲಿ ಮಹಿಳೆಗೆ ದಿನಕ್ಕೆ ಹತ್ತು ನಿಮಿಷ ಉಳಿತಾಯವಾಗಿದೆ ಎಂದು ಸಮಾಧಾನಪಡಬಹುದು. ಆದರೆ ಆ ಹತ್ತು ನಿಮಿಷಗಳನ್ನು ಪುರುಷ ವಹಿಸಿಕೊಂಡಿಲ್ಲ, ಅವನ ಪಾಲೂ ಒಂಬತ್ತು ನಿಮಿಷ ತಗ್ಗಿದೆ.

ಹೀಗೆ ತುಂಡುತುಂಡಾಗಿ ದೊರೆಯುವ ಬಿಡುವಿಗೆ ಕ್ರೋಶಾದಷ್ಟು ಹೊಂದುವ ಕೈಕೆಲಸ ಇನ್ನೊಂದಿಲ್ಲ. ಎರಡು ಕಡ್ಡಿಗಳ ಉಣ್ಣೆ ಹೆಣಿಗೆಯಲ್ಲಿ ಸಾಲಿನ ಕುಣಿಕೆಗಳೆಲ್ಲ ಏಕಕಾಲದಲ್ಲಿ ಕಡ್ಡಿಯ ಮೇಲಿರುತ್ತವೆ. ಒಂದು ಜಾರಿದರೆ ಕೆಳಗಿನ ಸಾಲುಗಳೂ ಬಿಚ್ಚತೊಡಗುತ್ತವೆ. ಕ್ರೋಶಾದಲ್ಲಿ ಕೊಕ್ಕೆಯ ತುದಿಯ ಒಂದೇ ಒಂದು ಕಡ್ಡಿ, ಸಾಮಾನ್ಯವಾಗಿ ಒಂದೇ ಒಂದು ಜೀವಂತ ಕುಣಿಕೆ. ಕುಕ್ಕರ್ ಕೂಗಿದರೆ, ಬಾಗಿಲ ಗಂಟೆ ಬಾರಿಸಿದರೆ, ಆ ಕುಣಿಕೆಯನ್ನು ತುಸು ಎಳೆದು ದೊಡ್ಡದು ಮಾಡಿ ಎದ್ದು ಹೋಗಬಹುದು. ತಪ್ಪಾದರೆ ದಾರ ಎಳೆದರೆ ಸಾಕು, ನೂಲು ಪೂರ್ತಿಯಾಗಿ ಕೈಗೆ ಮರಳುತ್ತದೆ. ಸ್ವೆಟರನ್ನು ಯಂತ್ರ ಹೆಣೆಯುತ್ತದೆ, ಲೇಸನ್ನು ಯಂತ್ರ ನೇಯುತ್ತದೆ. ಆದರೆ ನಿಜವಾದ ಕ್ರೋಶಾ ಇಂದಿಗೂ ಕೈಯಿಂದಲೇ ಆಗಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕ್ರೋಶಾ ಉಡುಪಿನ ಹಿಂದೆಯೂ ಎಲ್ಲೋ ಒಬ್ಬರ ಬೆರಳುಗಳಿವೆ.

ಇದು ಬುದ್ಧಿಗೆ ಕೆಲಸವಿಲ್ಲದ ಕಸುಬು ಎಂಬ ಭಾವನೆಯೂ ಸರಿಯಲ್ಲ. ಅತಿಪರವಲಯ ಜ್ಯಾಮಿತಿಯ ಮೇಲ್ಮೈಯನ್ನು ಕೈಯಲ್ಲಿ ಹಿಡಿದು ತೋರಿಸಬಲ್ಲ ಗಟ್ಟಿ ಮಾದರಿಯೊಂದಕ್ಕಾಗಿ ಗಣಿತಜ್ಞರು ಬಹುಕಾಲ ತಡಕಾಡಿದ್ದರು. ಕಾಗದದ ಮಾದರಿಗಳು ಹರಿದುಹೋಗುತ್ತಿದ್ದವು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ ಅದನ್ನು ಕ್ರೋಶಾದಲ್ಲಿ ಹೆಣೆದರು. ಪ್ರತಿ ಸಾಲಿನಲ್ಲೂ ಹೊಲಿಗೆಗಳನ್ನು ನಿಗದಿತ ಪ್ರಮಾಣದಲ್ಲಿ ಹೆಚ್ಚಿಸುತ್ತ ಹೋದರೆ ಬಟ್ಟೆ ಸಪಾಟಾಗಿರದೆ ಕೋಸಿನ ಎಲೆಯ ಅಂಚಿನಂತೆ ನೆರಿಗೆಗಟ್ಟುತ್ತದೆ. ಅದೇ ಆ ಜ್ಯಾಮಿತಿ. ಈ ತಂತ್ರವನ್ನೇ ಆಧರಿಸಿ ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ದೈಮ್ ಸಹೋದರಿಯರು 2005ರಲ್ಲಿ ಹವಳದ ದಿಬ್ಬಗಳನ್ನು ಹೆಣೆಯುವ ಯೋಜನೆ ಆರಂಭಿಸಿ, ಕಾವೇರುತ್ತಿರುವ ಕಡಲಿನ ಕಡೆಗೆ ಲೋಕದ ಗಮನ ಸೆಳೆದರು. ಎಳೆ ಎಣಿಸಿ, ಗಂಟು ಹಾಕದೆ, ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ರೂಪ ಮೂಡುವಂತೆ ಗೋಪುರ, ತೇರು, ತುಳಸಿಕಟ್ಟೆಗಳನ್ನು ಬಿಡಿಸುವ ನಮ್ಮ ಕಸೂತಿಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಆದರೆ ಬಿಡುವಿನ ಕೆಲಸ ಎಂಬ ಮಾತಿಗೆ ಇನ್ನೊಂದು ಮುಖವಿದೆ. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ನಾಶವಾಗಿ ಕ್ಷಾಮ ಬಂದಾಗ ಅಲ್ಲಿನ ಕ್ರೈಸ್ತ ಸನ್ಯಾಸಿನಿಯರು ಬಡ ಕುಟುಂಬಗಳಿಗೆ ಕ್ರೋಶಾ ಲೇಸ್ ಕಲಿಸಿ ಹೊಟ್ಟೆಪಾಡಿಗೆ ದಾರಿ ಮಾಡಿದರು. ನೆರೆಯ ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರಕ್ಕೂ ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳ ಮೂಲಕವೇ ಈ ವಿದ್ಯೆ ಬಂತು. ಜರ್ಮನಿಯ ಸಮಾಜವಿಜ್ಞಾನಿ ಮರಿಯಾ ಮೀಸ್ ನರಸಾಪುರದ ಲೇಸ್ ಕೆಲಸಗಾರ್ತಿಯರನ್ನು ಕುರಿತು 1982ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಓದಬೇಕಾದ ಗ್ರಂಥ. ವಿದೇಶದ ಮಾರುಕಟ್ಟೆಗಾಗಿ ದಿನವಿಡೀ ದುಡಿಯುತ್ತಿದ್ದರೂ ಅವರನ್ನು ಕಾರ್ಮಿಕರೆಂದು ಯಾರೂ ಗಣಿಸಲಿಲ್ಲ. ಮನೆಯಲ್ಲಿ ಕುಳಿತ ಗೃಹಿಣಿಯರು ಬಿಡುವಿನಲ್ಲಿ ಮಾಡುವ ಕೆಲಸವೆಂಬ ಹಣೆಪಟ್ಟಿಯೇ ಅವರ ಕೂಲಿಯನ್ನು ಕೆಳಗೆ ಹಿಡಿದಿಟ್ಟಿತ್ತು. ಲಾಭ ರಫ್ತುದಾರರ ಪಾಲಾಗಿತ್ತು. 2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಭೌಗೋಳಿಕ ಸೂಚಿ ಮಾನ್ಯತೆ ದೊರೆತದ್ದು ಸಂತೋಷದ ಸಂಗತಿ. ಆದರೆ ಆ ಮಾನ್ಯತೆ ಹೆಸರನ್ನು ಕಾಯುತ್ತದೆಯೇ ಹೊರತು ತಾನಾಗಿಯೇ ಕೂಲಿಯನ್ನು ಹೆಚ್ಚಿಸುವುದಿಲ್ಲ.

ಬಿಡುವಿಗಾಗಿ ಹೆಣೆಯುವವರಿಗೂ ಈ ಹಣೆಪಟ್ಟಿ ತಗಲುತ್ತದೆ. ‘ನಿಮಗೆ ಹೇಗೂ ಹವ್ಯಾಸ, ದಾರದ ದುಡ್ಡು ಕೊಡುತ್ತೇನೆ, ನಮ್ಮ ಮಗುವಿಗೂ ಒಂದು ಹೆಣೆದುಕೊಡಿ’ ಎಂಬ ಬೇಡಿಕೆಯನ್ನು ಕೇಳದ ಕ್ರೋಶಾಗಾರ್ತಿ ಇರಲಾರಳು. ಒಂದು ಕುಲಾವಿಗೆ ಆರು ಗಂಟೆ ಬೇಕು, ದಾರಕ್ಕೆ 80 ರೂಪಾಯಿ ಎಂದಿಟ್ಟುಕೊಳ್ಳೋಣ. ಗಂಟೆಗೆ ಕೇವಲ 60 ರೂಪಾಯಿ ಹಿಡಿದರೂ ಅದರ ವೆಚ್ಚ 440 ರೂಪಾಯಿ. ಆ ಬೆಲೆ ಹೇಳಿದರೆ ಕೇಳಿದವರು ಹುಬ್ಬೇರಿಸುತ್ತಾರೆ. ಇಲ್ಲೊಂದು ಸೋಜಿಗವೂ ಇದೆ. ರಾಷ್ಟ್ರೀಯ ಲೆಕ್ಕಪತ್ರಗಳ ಅಂತರರಾಷ್ಟ್ರೀಯ ಪದ್ಧತಿಯ ಪ್ರಕಾರ ಮನೆಬಳಕೆಗಾಗಿ ತಯಾರಿಸಿದ ವಸ್ತು ತತ್ವತಃ ಉತ್ಪಾದನೆಯ ಎಲ್ಲೆಯೊಳಗೆ ಬರುತ್ತದೆ. ಮನೆಮಂದಿಗೆ ಮಾಡಿದ ಅಡುಗೆ, ರೋಗಿಯ ಶುಶ್ರೂಷೆ ಮುಂತಾದ ಸೇವೆಗಳು ಬರುವುದಿಲ್ಲ. ಅಂದರೆ ಮೊಮ್ಮಗನ ಕುಲಾವಿ ದೇಶದ ಉತ್ಪನ್ನವೆನಿಸಬಹುದು, ಅದೇ ಮೊಮ್ಮಗನಿಗೆ ಉಣಿಸಿದ ಅನ್ನದ ಹಿಂದಿನ ದುಡಿಮೆ ಲೆಕ್ಕಕ್ಕಿಲ್ಲ.

ನೂರು ವರ್ಷಗಳಲ್ಲಿ ಮನುಷ್ಯ ವಾರಕ್ಕೆ ಹದಿನೈದು ಗಂಟೆ ದುಡಿದರೆ ಸಾಕಾಗುವಷ್ಟು ಸಮೃದ್ಧಿ ಬರುತ್ತದೆ, ಆಗ ಬಿಡುವನ್ನು ಚೆನ್ನಾಗಿ ಬಾಳುವುದೇ ದೊಡ್ಡ ಸವಾಲಾಗುತ್ತದೆ ಎಂದು ಕೇನ್ಸ್ 1930ರಲ್ಲಿ ಊಹಿಸಿದ್ದರು. ಗಡುವು ಸಮೀಪಿಸಿದೆ, ಹದಿನೈದು ಗಂಟೆಯ ವಾರ ಮಾತ್ರ ಕಾಣುತ್ತಿಲ್ಲ. ಬಿಡುವನ್ನು ಬಾಳುವ ಕಲೆಯನ್ನು ಕಲಿತಿರುವವರು ಬಹುಶಃ ವಾರಕ್ಕೆ ಒಂಬತ್ತು ಗಂಟೆಗಳನ್ನು ಕೂಡಿಟ್ಟುಕೊಳ್ಳುವ ಇಂಥ ಹೆಂಗಸರೇ.

ಗುರುವಾರದ ಉದ್ಯಾನ ಭೇಟಿಯನ್ನು ನಾನು ವಿಶೇಷವಾಗಿ ಗಮನಿಸಿದ್ದಕ್ಕೆ ಕಾರಣವಿದೆ. ಮನೆಯೊಳಗಿನ ಬಿಡುವು ಯಾವ ಕ್ಷಣದಲ್ಲಾದರೂ ಕೆಲಸಕ್ಕೆ ಕರೆಸಿಕೊಳ್ಳಬಹುದಾದ ಬಿಡುವು. ಹೊರಗೆ ಮರದ ನೆರಳಿನಲ್ಲಿ ಕುಳಿತ ಎರಡು ಗಂಟೆ ಮಾತ್ರ ಪೂರ್ತಿ ತನ್ನದು. ಹೈದರಾಲಿ 1760ರಲ್ಲಿ ಆರಂಭಿಸಿದ, ಇಂದು 240 ಎಕರೆಗಳಲ್ಲಿ ಹರಡಿರುವ ಲಾಲ್‌ಬಾಗ್, ಅದರೊಳಗೆ 1889ರಲ್ಲಿ ತಲೆಯೆತ್ತಿದ ಗಾಜಿನ ಮನೆ, ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವಗಳ ಫಲಪುಷ್ಪ ಪ್ರದರ್ಶನಗಳು ನಗರದ ಹೆಮ್ಮೆ. ಆದರೆ ಪ್ರತಿನಿತ್ಯದ ಅಗತ್ಯ ಬಡಾವಣೆಯ ಸಣ್ಣ ಉದ್ಯಾನದ್ದು. ನಗರದ ಉದ್ಯಾನಗಳು ಬಹಳ ಕಾಲ ಬೆಳಿಗ್ಗೆ ಮತ್ತು ಸಂಜೆ ತೆರೆದು ಹಗಲಿನ ನಡುವೆ ಮುಚ್ಚಿರುತ್ತಿದ್ದವು. ವಾಯುವಿಹಾರಕ್ಕೆ ಬರುವ ಉದ್ಯೋಗಸ್ಥ ಗಂಡಸಿನ ದಿನಚರಿಗೆ ಆ ವೇಳೆ ಒಪ್ಪುತ್ತಿತ್ತು, ಅಡುಗೆಮನೆಯಿಂದ ಮಧ್ಯಾಹ್ನವಷ್ಟೇ ಬಿಡುಗಡೆಯಾಗುವವರಿಗೆ ಅಲ್ಲ. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ನಿರ್ಧಾರ ಹೊರಬಿದ್ದದ್ದು ಸ್ವಾಗತಾರ್ಹ. ವೇಳಾಪಟ್ಟಿಯನ್ನು ಬದಲಿಸುವುದು ಸುತ್ತೋಲೆಯ ಕೆಲಸ. ನೆರಳಿರುವ ಬೆಂಚು, ಶುಚಿಯಾದ ಶೌಚಾಲಯ, ಒಂಟಿ ಮಹಿಳೆಗೆ ಅಂಜಿಕೆಯಿಲ್ಲದ ವಾತಾವರಣ ಒದಗಿಸುವುದು ಆಡಳಿತದ ಕೆಲಸ. ಮೊದಲನೆಯದಕ್ಕಿಂತ ಎರಡನೆಯದು ಕಷ್ಟವೆಂಬುದನ್ನು ಸರ್ಕಾರಿ ಸೇವೆಯಲ್ಲಿದ್ದವರೆಲ್ಲ ಬಲ್ಲರು.

ಆದ್ದರಿಂದ ಬೇಡಿಕೆಗಳು ದೊಡ್ಡವಲ್ಲ. ಕೈಹೆಣಿಗೆಯ ವಸ್ತುವನ್ನು ಕೊಳ್ಳುವಾಗ ದಾರದ ಬೆಲೆಯ ಜೊತೆಗೆ ಗಂಟೆಗಳ ಬೆಲೆಯನ್ನೂ ಕೊಡೋಣ. ಮನೆಯಿಂದಲೇ ದುಡಿಯುವ ಹೆಣಿಗೆಗಾರ್ತಿಯನ್ನು ಕಾರ್ಮಿಕಳೆಂದು ದಾಖಲಿಸೋಣ. ತನ್ನ ಸಂತೋಷಕ್ಕಾಗಿ ಹೆಣೆಯುವವಳಿಗೆ ‘ಇದನ್ನು ಮಾರಬಾರದೆ?’ ಎಂಬ ಉಪದೇಶ ಕೊಡದಿರೋಣ. ಪ್ರತಿ ಹವ್ಯಾಸವನ್ನೂ ವ್ಯಾಪಾರವಾಗಿಸಬೇಕಾಗಿಲ್ಲ. ಇನ್ನು ಮನೆಯ ಗಂಡಸರು ಮಾಡಬಹುದಾದದ್ದು ಸರಳ. ದಿನದ 88 ನಿಮಿಷಗಳಿಗೆ ಇನ್ನೊಂದು ಅರ್ಧ ಗಂಟೆ ಸೇರಿಸಿಕೊಂಡರೆ ಆ ನೋಟ್‌ಪುಸ್ತಕದ ಒಂಬತ್ತು ಗಂಟೆ ಹನ್ನೆರಡೂವರೆಯಾಗುತ್ತದೆ. ಬಹುಶಃ ಭಾನುವಾರದ ಪುಟವೂ ಆಗ ಖಾಲಿ ಉಳಿಯಲಾರದು.