ಹಿತ್ತಲ ಕೊಟ್ಟಿಗೆಗೆ ತಕ್ಕ ತಳಪಾಯ

ಮನೆ ಕಟ್ಟುವಾಗ ಹತ್ತು ಜನರ ಸಲಹೆ ಕೇಳುವ ನಾವು ಹಿತ್ತಲಿನಲ್ಲಿ ಸಣ್ಣದೊಂದು ಕೊಟ್ಟಿಗೆಯನ್ನು ಎಬ್ಬಿಸುವಾಗ ಯಾರನ್ನೂ ಕೇಳುವುದಿಲ್ಲ. ಸಲಿಕೆ, ಗುದ್ದಲಿ, ಪಂಪಿನ ಕೊಳವೆ, ಬಿತ್ತನೆಗೆಂದು ತೆಗೆದಿಟ್ಟ ಒಂದೆರಡು ಚೀಲ ಬೀಜ, ಇಷ್ಟಕ್ಕೆ ತಳಪಾಯದ ಚಿಂತೆ ಏಕೆ ಎಂಬುದು ಸಾಮಾನ್ಯ ಭಾವನೆ. ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯ ಸುತ್ತಿನ ಎರೆಭೂಮಿಯಲ್ಲಿ ಈ ಭಾವನೆ ಎಷ್ಟು ತಪ್ಪೆಂಬುದು ಎರಡು ಮಳೆಗಾಲಗಳೊಳಗೆ ತಿಳಿದುಬರುತ್ತದೆ. ಬಾಗಿಲು ಚೌಕಟ್ಟಿಗೆ ಸಿಕ್ಕಿ ತೆರೆಯದಾಗುತ್ತದೆ, ನೆಲ ಉಬ್ಬುತ್ತದೆ, ಮೂಲೆಯಿಂದ ಓರೆಯಾಗಿ ಬಿರುಕು ಗೋಡೆಯನ್ನೇರುತ್ತದೆ. ಅದರ ಮೂಲಕ ಒಳಸೇರಿದ ತೇವವು ಬೀಜದ ಮೊಳೆಯುವ ಶಕ್ತಿಯನ್ನು ಕುಂದಿಸುತ್ತದೆ. ರೈತನಿಗೆ ಕೊಟ್ಟಿಗೆಗಿಂತ ಆ ಚೀಲವೇ ದೊಡ್ಡದಲ್ಲವೆ?

ಇದೇ ಜಿಲ್ಲೆಯ ಬೀದರ ನಗರದಲ್ಲಿ ಈ ತೊಂದರೆ ಇಲ್ಲ. ಆ ನಗರವಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದಾಗ ಕೋಟೆಯ ಕಂದಕವನ್ನು ಆ ಕಲ್ಲಿನಲ್ಲಿಯೇ ಕಡೆಸಿದರು. ಅಲ್ಲಿ ಮೊಳದಾಳದ ಪಾಯ ತೋಡಿ ಯಶಸ್ವಿಯಾದ ಕಸುಬುದಾರನು ಅದೇ ಪಾಯವನ್ನು ಎರೆಯಲ್ಲಿ ತೋಡಿದರೆ ಸೋಲುತ್ತಾನೆ. ಕಸುಬು ಒಂದೇ, ಮಣ್ಣು ಬೇರೆ.

ಆ ಬೇರೆತನವಾವುದೆಂಬುದನ್ನು ನೋಡೋಣ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನದಲ್ಲಿ ಹರಡಿದ ಲಾವಾರಸದ ಶಿಲೆ ಸವೆದು ಎರೆಮಣ್ಣಾಯಿತು. ಇದರ ಜೇಡಿಯಲ್ಲಿ ಮುಖ್ಯವಾದುದು ಮಾಂಟ್‌ಮೊರಿಲೊನೈಟ್ ಎಂಬ ಖನಿಜ. ಇದು ಪುಸ್ತಕದ ಹಾಳೆಗಳಂತೆ ಪದರಪದರವಾಗಿದೆ. ಒಂದು ಪದರದ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ ಮಾತ್ರ. ಪದರಗಳಲ್ಲಿ ಋಣ ವಿದ್ಯುದಾವೇಶವಿದ್ದು, ನಡುವೆ ಸೋಡಿಯಂ, ಕ್ಯಾಲ್ಸಿಯಂ ಮುಂತಾದ ಧನ ಅಯಾನುಗಳಿವೆ. ನೀರಿನ ಅಣುವಿಗಾದರೋ ಒಂದು ತುದಿಯಲ್ಲಿ ಧನ, ಇನ್ನೊಂದರಲ್ಲಿ ಋಣ. ಆದುದರಿಂದ ಅದು ಈ ಅಯಾನುಗಳನ್ನು ಮುತ್ತಿ ಪದರಗಳನ್ನು ದೂರ ತಳ್ಳುತ್ತದೆ. ಇಂತಹ ಜೇಡಿಯ ಒಂದು ಗ್ರಾಮಿನಲ್ಲಿ ನೀರಿಗೆ ಸಿಗುವ ಮೇಲ್ಮೈ 700ರಿಂದ 800 ಚದರ ಮೀಟರು. ಜಂಬಿಟ್ಟಿಗೆಯಲ್ಲಿರುವ ಕೇಯೊಲಿನೈಟ್ ಜೇಡಿಯಲ್ಲಾದರೆ ಅದು ಹತ್ತಿಪ್ಪತ್ತು ಚದರ ಮೀಟರು ಮಾತ್ರ. ಮಳೆಗಾಲದಲ್ಲಿ ಎರೆ ಉಬ್ಬುವುದೂ ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುವುದೂ ಇದರಿಂದಲೇ.

ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಣಗಿಸಿ, ಪುಡಿಮಾಡಿ, ತೆಳುಬಟ್ಟೆಯಲ್ಲಿ ಸೋಸಿದ ಮಣ್ಣನ್ನು 10 ಗ್ರಾಮಿನಂತೆ ಎರಡು ಅಳತೆಯ ಗಾಜಿನ ಕೊಳವೆಗಳಲ್ಲಿ ಹಾಕಿ, ಒಂದಕ್ಕೆ ಬಟ್ಟಿಯಿಳಿಸಿದ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ತುಂಬಿ, ಗಾಳಿಯ ಗುಳ್ಳೆ ಹೋಗುವಂತೆ ಕಲಕಿ, ಒಂದು ದಿನ ಬಿಡಬೇಕು. ಬೆಂಕಿಯಿಂದ ದೂರವಿಡುವುದು ಅವಶ್ಯ. ಸೀಮೆಎಣ್ಣೆಯ ಅಣುವಿಗೆ ನೀರಿನಂತೆ ಎರಡು ಧ್ರುವಗಳಿಲ್ಲವಾದ್ದರಿಂದ ಅದರಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ ಮಣ್ಣು 12 ಮಿಲಿಲೀಟರಿನಷ್ಟೂ ನೀರಿನಲ್ಲಿ 20ರಷ್ಟೂ ನಿಂತರೆ, ಹೆಚ್ಚಳ 8. 12ಕ್ಕೆ 8 ಎಂದರೆ ಶೇಕಡಾ 67. ಈ ಅಂಕ 50ನ್ನು ದಾಟಿದರೆ ಎಚ್ಚರಿಕೆ ಬೇಕು. 100ನ್ನು ದಾಟಿದರೆ ಅಪಾಯ ಹೆಚ್ಚು.

ಇನ್ನು ತಳಪಾಯದ ಮಾತು. ಸಾಮಾನ್ಯ ನೆಲದಲ್ಲಿ ಕಟ್ಟಡ ಕುಸಿಯಬಾರದೆಂದು ಪಾಯವನ್ನು ಅಗಲ ಮಾಡುತ್ತಾರೆ. ಭೌತಶಾಸ್ತ್ರವನ್ನು ಬೋಧಿಸುವ ನಾವೂ ನಮ್ಮ ಹಿತ್ತಲ ಕೊಟ್ಟಿಗೆಗೆ ಹಾಗೆಯೇ ಮಾಡಿ ಕೆಟ್ಟೆವು. ಲೆಕ್ಕ ಸರಳವಾದುದು. 23 ಸೆಂಟಿಮೀಟರು ದಪ್ಪ, 2.2 ಮೀಟರು ಎತ್ತರದ ಗೋಡೆಯ ತೂಕ ಮೀಟರು ಉದ್ದಕ್ಕೆ ಸುಮಾರು ಒಂದು ಟನ್ನು. ಪಾಯದ ಅಗಲ 45 ಸೆಂಟಿಮೀಟರಿದ್ದರೆ ನೆಲದ ಮೇಲಿನ ಒತ್ತಡ ಚದರ ಮೀಟರಿಗೆ 2.2 ಟನ್ನು, 90 ಮಾಡಿದರೆ 1.1 ಟನ್ನು. ಆದರೆ ನೆನೆದ ಎರೆ ಮೇಲಕ್ಕೆ ಒತ್ತುವ ಬಲ ಚದರ ಮೀಟರಿಗೆ 5 ಟನ್ನಿನಿಂದ 30 ಟನ್ನಿನವರೆಗೂ ಹೋಗಬಲ್ಲುದು. ಪಾಯವನ್ನು ಅಗಲ ಮಾಡಿದಷ್ಟೂ ನೆಲಕ್ಕೆ ತಳ್ಳಲು ಹೆಚ್ಚು ಜಾಗ ಕೊಟ್ಟಂತಾಯಿತು. ಇಲ್ಲಿ ಕಟ್ಟಡ ಕುಸಿಯುವ ಭಯಕ್ಕಿಂತ ಏಳುವ ಭಯವೇ ಹೆಚ್ಚು. ಕಟ್ಟಡ ಹಗುರವಾದಷ್ಟೂ ಆ ಭಯ ಹೆಚ್ಚು. ಎಲ್ಲೆಡೆಯೂ ಒಂದೇ ಸಮನೆ ಎದ್ದರೆ ಚಿಂತೆಯಿಲ್ಲ. ಅಂಚಿನ ಮಣ್ಣು ಋತುವಿನೊಡನೆ ನೆನೆದು ಒಣಗುತ್ತದೆ, ನಡುವಿನ ಮಣ್ಣು ನೆಲಗಟ್ಟಿನ ಮರೆಯಲ್ಲಿ ತೇವವನ್ನು ಹಿಡಿದಿಡುತ್ತದೆ. ಈ ಅಂತರವೇ ಗೋಡೆಯನ್ನು ಸೀಳುತ್ತದೆ.

ಆದುದರಿಂದ ಮಾಡಬೇಕಾದುದು ಎರಡು: ಉಬ್ಬುವ ಮಣ್ಣನ್ನು ತೆಗೆಯುವುದು, ಉಳಿದುದರ ತೇವವನ್ನು ಬದಲಾಗಗೊಡದಿರುವುದು. ಎರೆಯ ಪದರ ತೆಳುವಾಗಿದ್ದು ಕೆಳಗೆ ಗಟ್ಟಿ ಮುರಂ ಸಿಕ್ಕಿದರೆ ಅಲ್ಲಿಯವರೆಗೆ ತೋಡುವುದೇ ಉತ್ತಮ. ಎರೆ ಆಳವಾಗಿದ್ದರೆ ಸುಮಾರು ಒಂದು ಮೀಟರಿನಷ್ಟು ತೆಗೆದು, ಗೋಡೆಯಿಂದ ಆಚೆಗೂ ಮುಕ್ಕಾಲು ಮೀಟರು ಬರುವಂತೆ, ಜಿಗುಟುಳ್ಳ ಆದರೆ ಉಬ್ಬದ ಮುರಮನ್ನು 15 ಸೆಂಟಿಮೀಟರಿನ ಪದರಗಳಲ್ಲಿ ಹಾಕಿ, ಹದವಾಗಿ ನೀರು ಚಿಮುಕಿಸಿ ದಮ್ಮಸು ಮಾಡಬೇಕು. ಇಂತಹ ಪದರದ ಗುಣವನ್ನು 1970ರ ದಶಕದಲ್ಲಿ ಮುಂಬಯಿಯ ಐ.ಐ.ಟಿ.ಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿಯವರು ಪ್ರಯೋಗಗಳಿಂದ ತೋರಿಸಿಕೊಟ್ಟರು. ಬರಿಯ ಮರಳನ್ನು ತುಂಬುವವರಿದ್ದಾರೆ, ಅದು ಸಲ್ಲದು. ನೀರು ಇಂಗದ ಎರೆಯ ನಡುವೆ ಮರಳಿನ ಗುಂಡಿ ಬಾವಿಯಾಗಿ ನಿಂತು ಸುತ್ತಲಿನ ಮಣ್ಣಿಗೆ ನೀರುಣಿಸುತ್ತದೆ. ಭಾರವಾದ ಮನೆಗಳಿಗಾದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನ ಸಂಸ್ಥೆ ರೂಪಿಸಿದ, ತಳದಲ್ಲಿ ಗಂಟೆಯಂತೆ ಅಗಲವಾದ ಕಾಂಕ್ರೀಟು ಕಂಬಗಳಿವೆ. ಋತುಗಳ ತೇವ ಮುಟ್ಟದ ಆಳಕ್ಕೆ, ಸುಮಾರು 3.5 ಮೀಟರಿಗೆ, ಅವು ಇಳಿಯುತ್ತವೆ. ಕೊಟ್ಟಿಗೆಗೆ ಆ ವೆಚ್ಚ ಬೇಡ.

ಮುರಮಿನ ಮೇಲೆ ಪಾಯವನ್ನು ಕಿರಿದಾಗಿಯೇ ಕಟ್ಟಿ, ನಾಲ್ಕೂ ಗೋಡೆಗಳ ಬುಡವನ್ನು ಉಕ್ಕಿನ ಸರಳುಗಳಿರುವ ಕಾಂಕ್ರೀಟು ಪಟ್ಟಿಯಿಂದ ಬಿಗಿಯಬೇಕು. ಒಳನೆಲವನ್ನು ಗೋಡೆಗೆ ಅಂಟಿಸದೆ ಬೆರಳಗಲ ಸಂದು ಬಿಡಬೇಕು. ನೆಲ ತುಸು ಎದ್ದರೂ ಗೋಡೆಗೆ ಬಾಧೆಯಿಲ್ಲ. ನೆಲಗಚ್ಚಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿದರೆ ಕೆಳಗಿನ ತೇವ ಬೀಜದ ಚೀಲಕ್ಕೆ ಏರದು.

ಕಡೆಯದಾಗಿ ಛಾವಣಿಯ ನೀರು. 10 ಚದರ ಮೀಟರಿನ ತಗಡಿನ ಮೇಲೆ 25 ಮಿಲಿಮೀಟರು ಮಳೆ ಬಿದ್ದರೆ 250 ಲೀಟರು ನೀರಾಗುತ್ತದೆ. ಇದನ್ನು ಗೋಡೆಯ ಬುಡಕ್ಕೆ ಬಿಟ್ಟವರು ಮೇಲೆ ಹೇಳಿದುದನ್ನೆಲ್ಲ ಮಾಡಿಯೂ ಫಲ ಕಾಣಲಾರರು. ದೋಣಿ ಕಟ್ಟಿ ನೀರನ್ನು ದೂರ ಒಯ್ಯಬೇಕು. ಸುತ್ತಲೂ ಒಂದು ಮೀಟರು ಅಗಲ ಹೊರಕ್ಕೆ ಇಳಿಜಾರಾದ ಗಚ್ಚು ಹಾಕಬೇಕು. ಮರವು ಬೇರಿನಿಂದ ತೇವವನ್ನು ಹೀರುವುದರಿಂದ, ಅದರ ಎತ್ತರದಷ್ಟು ದೂರದಲ್ಲಿ ಕೊಟ್ಟಿಗೆಯಿರುವುದು ಲೇಸು.

ನಾವು ಹಳೆಯ ಪಾಯವನ್ನು ಕಿತ್ತು ಈ ಕ್ರಮದಲ್ಲಿ ಮತ್ತೆ ಕಟ್ಟಿದೆವು. ಖರ್ಚಿನ ಬಹುಭಾಗ ಮುರಂ ಸಾಗಿಸುವುದಕ್ಕೆ ಹೋಯಿತು. ಈಗ ಮಳೆಗಾಲದಲ್ಲಿಯೂ ಬಾಗಿಲು ಒಂದೇ ಕೈಯಿಂದ ತೆರೆಯುತ್ತದೆ. ಬೀಜ ಒಣಗಿಯೇ ಇದೆ.