ಸಣ್ಣ ಈರುಳ್ಳಿ ಎಲ್ಲಾ ಶಾಲಟ್ ಅಲ್ಲ: ಬಂಗಾಳಿ ವ್ಯಾಪಾರಿಗೆ ದರ ಹೇಳೋ ಮುಂಚೆ ಓದಿ

ಮೊಬೈಲ್‌ನಲ್ಲಿ ‘ಶಾಲಟ್’ ಅಂತ ಟೈಪ್ ಮಾಡಿ ಬಂಗಾಳಿ ಅರ್ಥ ಹುಡುಕಿದರೆ ‘ಛೋಟೊ ಪೆಯಾಜ್’ ಅಂತ ಸಿಗುತ್ತದೆ. ಛೋಟೊ ಅಂದ್ರೆ ಸಣ್ಣ, ಪೆಯಾಜ್ ಅಂದ್ರೆ ಈರುಳ್ಳಿ. ಅರ್ಥ ತಪ್ಪಲ್ಲ, ಆದ್ರೆ ವ್ಯಾಪಾರಕ್ಕೆ ಅಷ್ಟೇ ಸಾಲದು. ಕೋಲ್ಕತ್ತಾದ ವ್ಯಾಪಾರಿ ಇದನ್ನು ದಪ್ಪ ಈರುಳ್ಳಿಯಲ್ಲೇ ಆರಿಸಿ ಬಿಟ್ಟ ಸಣ್ಣ ಗಡ್ಡೆ ಅಂದ್ಕೊಳ್ಳಬಹುದು. ಆಗ ದರವನ್ನೂ ಹಾಗೇ ಕೇಳ್ತಾರೆ.

ಶಾಲಟ್ ಯಾವುದು?

ನಮ್ಮ ಸಾಂಬಾರ್ ಈರುಳ್ಳಿಯೇ ಶಾಲಟ್. ಒಂದು ಗಡ್ಡೆ ನೆಟ್ಟರೆ ಬುಡದಲ್ಲಿ ಗೊಂಚಲಾಗಿ ಹಲವು ಗಡ್ಡೆ ಬರುತ್ತವೆ. ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಬೆಳೆಯೋದು ಇದನ್ನೇ. ತಮಿಳಿನಲ್ಲಿ ಚಿನ್ನ ವೆಂಗಾಯಂ, ಮಲಯಾಳಂನಲ್ಲಿ ಚೆರಿಯ ಉಳ್ಳಿ.

ಚಿಕ್ಕಬಳ್ಳಾಪುರ, ಕೋಲಾರದ ಬೆಂಗಳೂರು ಗುಲಾಬಿ ಈರುಳ್ಳಿಯೂ ಗಾತ್ರದಲ್ಲಿ ಸಣ್ಣದು, ಬಣ್ಣವೂ ಕೆಂಪು. ಆದ್ರೆ ಅದನ್ನು ಬೀಜದಿಂದ ಬೆಳೀತಾರೆ, ಒಂದು ಗಿಡಕ್ಕೆ ಒಂದೇ ಗಡ್ಡೆ. 2015ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಅದನ್ನ ಶಾಲಟ್ ಅಂತ ಮಾರಬೇಡಿ.

ಬಾಂಗ್ಲಾದೇಶದಲ್ಲಿ ಇನ್ನೊಂದು ಗೊಂದಲ ಇದೆ. ಅಲ್ಲಿ ಸಾಮಾನ್ಯ ಈರುಳ್ಳಿಯ ಸಣ್ಣ ಗಡ್ಡೆಗಳನ್ನೇ ನೆಟ್ಟು ಬೆಳೆಯೋ ಬೆಳೆಗೆ ‘ಮುಡಿಕಾಟಾ ಪೆಯಾಜ್’ ಅಂತಾರೆ. ಗಡ್ಡೆ ನೆಟ್ಟು ಬೆಳೆದದ್ದು ಅಂದ ಮಾತ್ರಕ್ಕೆ ಅದು ಶಾಲಟ್ ಆಗಲ್ಲ.

ಉಪಯೋಗ ಏನು?

ನಮ್ಮಲ್ಲಿ ಸಾಂಬಾರು, ಗೊಜ್ಜು, ಉಪ್ಪಿನಕಾಯಿಗೆ ಇಡೀ ಗಡ್ಡೆಯೇ ಬೀಳುತ್ತೆ, ಬೆಂದರೂ ಕರಗಿ ಹೋಗಲ್ಲ. ಇಂಡೋನೇಷ್ಯಾ, ಥಾಯ್ಲೆಂಡ್‌ನಲ್ಲಿ ತೆಳ್ಳಗೆ ಹೆಚ್ಚಿ ಗರಿಗರಿಯಾಗಿ ಕರಿದು ಅನ್ನದ ಮೇಲೆ ಉದುರಿಸ್ತಾರೆ. ನೀರಿನಂಶ ಕಮ್ಮಿ ಇರೋದ್ರಿಂದ ಚೆನ್ನಾಗಿ ಗರಿಗರಿ ಆಗುತ್ತೆ. ಬಂಗಾಳದಲ್ಲೂ ಬಿರಿಯಾನಿ ಮೇಲೆ ಹಾಕೋ ಕರಿದ ಈರುಳ್ಳಿ ‘ಬೆರೆಸ್ತಾ’ ಇದೆ. ಅಲ್ಲಿನ ವ್ಯಾಪಾರಿಗೆ ನಿಮ್ಮ ಸರಕಿನ ಗುಣ ಹೇಳೋಕೆ ಇದೊಂದು ಒಳ್ಳೇ ದಾರಿ.

ನಾಟಿ ಮಾಡೋರಿಗೆ

ಎಕರೆಗೆ ಸುಮಾರು 600 ಕಿಲೋ ಬಿತ್ತನೆ ಗಡ್ಡೆ ಬೇಕು. 45 ಸೆಂ.ಮೀ. ಅಂತರದ ದಿಂಡು ಮಾಡಿ, ಎರಡೂ ಬದಿಗೆ 10 ಸೆಂ.ಮೀ.ಗೊಂದು ಗಡ್ಡೆ ನೆಡಿ. ತಳಿ ನೋಡಿಕೊಂಡು 70ರಿಂದ 90 ದಿನಕ್ಕೆ ಕೊಯ್ಲು. ಖರ್ಚಿನ ದೊಡ್ಡ ಪಾಲು ಬಿತ್ತನೆ ಗಡ್ಡೆಗೇ ಹೋಗುತ್ತೆ, ಹಾಗಾಗಿ ನಿಮ್ಮ ಬೆಳೆಯಲ್ಲೇ ರೋಗವಿಲ್ಲದ ಗಡ್ಡೆ ಆರಿಸಿ, ನೆರಳಲ್ಲಿ ಗಾಳಿಯಾಡುವಂತೆ ಇಟ್ಟುಕೊಳ್ಳಿ. ತಮಿಳುನಾಡು ಕೃಷಿ ವಿ.ವಿ.ಯ ಕೋ-5 ತಳಿ ಬೀಜದಿಂದಲೂ ಬರುತ್ತೆ.

ದರ ಹೇಳೋ ಮುಂಚೆ ಇಷ್ಟು ಮಾಡಿ

1. ಬಿಡಿಸದ ಗೊಂಚಲಿನ ಫೋಟೋ ಕಳಿಸಿ.
2. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಗಾತ್ರ ತೋರಿಸಿ.
3. ‘ಛೋಟೊ ಪೆಯಾಜ್’ ಜೊತೆ ‘ಸಾಂಬಾರ್ ಈರುಳ್ಳಿ, ಶಾಲಟ್’ ಅಂತಲೂ ಬರೆಯಿರಿ.
4. ರಫ್ತುದಾರರ ಮೂಲಕ ಹೋಗೋದಾದ್ರೆ ಶಾಲಟ್ ಕೋಡ್ 07031020 ಬಿಲ್‌ನಲ್ಲಿ ಇದೆಯಾ ನೋಡಿ.

ಲಾರಿ ಲೋಡ್ ಆದ್ಮೇಲೆ ಜಗಳ ಆಡೋದಕ್ಕಿಂತ ಮೊದಲೇ ಒಂದು ಫೋಟೋ ಕಳಿಸೋದು ವಾಸಿ, ಅಲ್ವಾ?