ಜಮಾ ಕಲಮಿನ ಸಣ್ಣ ಅಂಕಿಗಳು



ನಿಮ್ಮ ಮನೆಯಲ್ಲಿರುವ ಬ್ಯಾಂಕಿನ ಪಾಸ್ ಪುಸ್ತಕವನ್ನು ಒಮ್ಮೆ ನೆನಪಿಸಿಕೊಳ್ಳಿ. ಅದರಲ್ಲಿ ಎರಡು ಕಲಂಗಳಿವೆ. ಒಂದರಲ್ಲಿ ತೆಗೆದ ಹಣ, ಇನ್ನೊಂದರಲ್ಲಿ ಕಟ್ಟಿದ ಹಣ, ಅಂದರೆ ಜಮಾ. ಈ ಎರಡನ್ನೂ ಓದಿದರೆ ಮಾತ್ರ ಉಳಿದದ್ದೆಷ್ಟು ಎಂದು ತಿಳಿಯುತ್ತದೆ. ಆದರೆ ಬದುಕಿನಲ್ಲಿ ಒಂದು ದೊಡ್ಡ ಪೆಟ್ಟು ಬಿದ್ದಾಗ ನಾವೆಲ್ಲ ಒಂದೇ ಕಲಮನ್ನು ಓದುತ್ತಾ ಕುಳಿತುಬಿಡುತ್ತೇವೆ. ಹೋದದ್ದೆಷ್ಟು, ಕಳೆದದ್ದೆಷ್ಟು ಎಂಬುದೇ ಹಗಲು ರಾತ್ರಿಯ ಲೆಕ್ಕ. ಹೀಗೆ ಕುಳಿತವರು ಮತ್ತೆ ಏಳುವುದು ಹೇಗೆ ಎಂಬುದನ್ನು ಇಂದು ನಿಮ್ಮೊಂದಿಗೆ ಮಾತನಾಡಬೇಕೆಂದಿದ್ದೇನೆ.

ಗಡಿನಾಡಿನ ಬ್ಯಾಂಕ್ ಶಾಖೆಗಳಲ್ಲಿ ಗುಮಾಸ್ತನಾಗಿ ನಾನು ಕಂಡ ಒಂದು ಸಂಗತಿಯಿದೆ. ಬೆಳೆ ಹಾಳಾದ ವರ್ಷ ಸಾಲಗಾರರು ಎರಡು ಬಗೆಯಾಗುತ್ತಿದ್ದರು. ಕೆಲವರು ಬ್ಯಾಂಕಿನ ದಾರಿಯನ್ನೇ ಬಿಟ್ಟು ಸುತ್ತುಬಳಸಿ ಪೇಟೆಗೆ ಹೋಗುತ್ತಿದ್ದರು. ನೋಟೀಸು ಬಂದರೆ ಒಡೆದು ನೋಡುತ್ತಿರಲಿಲ್ಲ. ಇನ್ನು ಕೆಲವರು ಇನ್ನೂರೋ ಐನೂರೋ ಹಿಡಿದುಕೊಂಡು ಬಂದು, "ಈಗ ಇಷ್ಟೇ ಆಗುವುದು, ಜಮಾ ಮಾಡಿಕೊಳ್ಳಿ" ಎನ್ನುತ್ತಿದ್ದರು. ಎರಡನೆಯವರ ನಷ್ಟ ಮೊದಲನೆಯವರದ್ದಕ್ಕಿಂತ ಕಡಿಮೆಯೇನೂ ಆಗಿರುತ್ತಿರಲಿಲ್ಲ. ಆದರೂ ಹೆಚ್ಚಾಗಿ ಎದ್ದು ನಿಂತವರು ಆ ಎರಡನೆಯವರೇ.

ಆ ಇನ್ನೂರು ರೂಪಾಯಿಯಿಂದ ಸಾಲ ತೀರುತ್ತದೆಯೇ ಎಂದು ನೀವು ಕೇಳಬಹುದು. ತೀರುವುದಿಲ್ಲ. ಕಟ್ಟಿದ ಹಣದಲ್ಲಿ ಸಾಮಾನ್ಯವಾಗಿ ಮೊದಲು ಬಡ್ಡಿ ಕಳೆದು, ಉಳಿದರೆ ಮಾತ್ರ ಅಸಲಿಗೆ ಹೋಗುತ್ತದೆ. ಆದರೆ ಕಟ್ಟಿದವರು ಅಂದು ಬ್ಯಾಂಕಿನ ಮೆಟ್ಟಿಲು ಹತ್ತಿದ್ದಾರೆ, ಮ್ಯಾನೇಜರರ ಎದುರು ಕುಳಿತು ಕಂತನ್ನು ಮುಂದಕ್ಕೆ ಹಾಕಿಕೊಡಲು ಸಾಧ್ಯವೇ ಎಂದು ಕೇಳಿದ್ದಾರೆ, ಕೈಯಲ್ಲಿ ಒಂದು ರಸೀದಿ ಹಿಡಿದು ಮನೆಗೆ ಮರಳಿದ್ದಾರೆ. ನಾಚಿಕೆಯಿಂದ ಮುಚ್ಚಿದ್ದ ಬಾಗಿಲು ಒಂದು ಅಂಗುಲ ತೆರೆದಿದೆ. ಮುಂದಿನ ತಿಂಗಳು ಅದೇ ಬಾಗಿಲನ್ನು ತಳ್ಳುವುದು ಅಷ್ಟು ಕಷ್ಟವಾಗುವುದಿಲ್ಲ.

ಸಣ್ಣ ಮೊತ್ತದ ಬಲವನ್ನು ನಮ್ಮ ಕರಾವಳಿ ನೂರು ವರ್ಷಗಳ ಹಿಂದೆಯೇ ಕಂಡಿದೆ. ಆಗ ಕೈಮಗ್ಗದ ಉದ್ಯೋಗ ಬಿಕ್ಕಟ್ಟಿಗೆ ಸಿಕ್ಕಿ ನೇಕಾರರು ಕಂಗೆಟ್ಟಿದ್ದರು. ಅವರ ನೆರವಿಗೆಂದು 1925ರಲ್ಲಿ ಉಡುಪಿಯಲ್ಲಿ ವೈದ್ಯರಾದ ಡಾ. ಟಿ.ಎಂ.ಎ. ಪೈ, ವ್ಯಾಪಾರಸ್ಥರಾದ ಉಪೇಂದ್ರ ಅನಂತ ಪೈ ಮತ್ತು ಇಂಜಿನಿಯರರಾದ ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕನ್ನು ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದು ಅದೇ ಸಂಸ್ಥೆ. 1928ರಲ್ಲಿ ಅದು ಪಿಗ್ಮಿ ಎಂಬ ಯೋಜನೆಯನ್ನು ಆರಂಭಿಸಿತು. ಏಜೆಂಟರು ದಿನವೂ ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಹಣವನ್ನೂ ಸಂಗ್ರಹಿಸುತ್ತಿದ್ದರು. ಅಂದು ನಮ್ಮ ಕಾಸರಗೋಡು ಕೂಡ ಅದೇ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ನಾವು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು.

ಲೆಕ್ಕ ಮಾಡಿ ನೋಡಿ. ರೂಪಾಯಿಗೆ ಹದಿನಾರಾಣೆ. ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ದಿನಗೂಲಿಯವರು ಒಂದೇ ಸಲ 45 ರೂಪಾಯಿ ತಾ ಎಂದರೆ ಎಲ್ಲಿಂದ ತಂದಾರು? ಎರಡಾಣೆಯಾದರೆ ಕೊಡಬಹುದಿತ್ತು. ಹನಿ ಹನಿಗೂಡಿದರೆ ಹಳ್ಳ ಎಂದು ಹಿರಿಯರು ಹೇಳಿದ್ದು ಇದನ್ನೇ. ನಮ್ಮ ತಾಯಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 1992ರಲ್ಲಿ ನಬಾರ್ಡ್ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. 1998ರಲ್ಲಿ ಕೇರಳದಲ್ಲಿ ಕುಟುಂಬಶ್ರೀ ಬಂತು. ಅಯಲ್‌ಕೂಟಗಳಲ್ಲಿ ವಾರಕ್ಕೆ ಹತ್ತೋ ಇಪ್ಪತ್ತೋ ಕಟ್ಟಿ, ತಮ್ಮೊಳಗೇ ಸಾಲ ಕೊಟ್ಟು ತೆಗೆದುಕೊಂಡು, ಆಮೇಲೆ ಬ್ಯಾಂಕಿನ ಸಾಲ ಪಡೆದು ಸಕಾಲದಲ್ಲಿ ತೀರಿಸಿದ ಮಹಿಳೆಯರು ನಿಮ್ಮ ಊರಿನಲ್ಲೂ ಇದ್ದಾರೆ.

ಇದು ಹಣದ ಮಾತಾಯಿತು. ಮನಸ್ಸಿನ ಲೆಕ್ಕವೂ ಇದೇ ರೀತಿ. ಅಮೆರಿಕದಲ್ಲಿ ಥೆರೆಸಾ ಅಮಾಬಿಲೆ ಮತ್ತು ಸ್ಟೀವನ್ ಕ್ರೇಮರ್ ಎಂಬವರು 238 ಮಂದಿ ನೌಕರರು ಬರೆದ ಸುಮಾರು 12,000 ದಿನಚರಿ ಬರಹಗಳನ್ನು ಪರಿಶೀಲಿಸಿ 2011ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ತಾನು ಮಾಡುವ ಕೆಲಸ ಒಂದಿಷ್ಟಾದರೂ ಮುಂದೆ ಸಾಗಿತು ಎಂಬ ಅರಿವೇ ಮನುಷ್ಯನಿಗೆ ಎಲ್ಲಕ್ಕಿಂತ ಹೆಚ್ಚಿನ ಹುಮ್ಮಸ್ಸು ಕೊಡುತ್ತದೆ ಎಂಬುದು ಅವರ ತೀರ್ಮಾನ. ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲ್ಲೋ ಎಂಬ ಮನಃಶಾಸ್ತ್ರಜ್ಞರು 2003ರಲ್ಲಿ ಇನ್ನೊಂದು ವಿಚಾರ ತಿಳಿಸಿದರು. ಅವರು ಕೆಲವು ವಿದ್ಯಾರ್ಥಿಗಳಿಗೆ ಹತ್ತು ವಾರಗಳ ಕಾಲ, ವಾರಕ್ಕೊಮ್ಮೆ, ಉಪಕಾರವೆನಿಸಿದ ಸಂಗತಿಗಳನ್ನು ಬರೆಯಲು ಹೇಳಿದರು. ಬೇರೆ ಕೆಲವರಿಗೆ ಕಿರಿಕಿರಿಯಾದ ಸಂಗತಿಗಳನ್ನು ಬರೆಯಲು ಹೇಳಿದರು. ಕೊನೆಗೆ ನೋಡಿದರೆ ಉಪಕಾರ ಬರೆದವರೇ ತಮ್ಮ ಬದುಕಿನ ಬಗ್ಗೆ ಹೆಚ್ಚು ನೆಮ್ಮದಿಯಿಂದ, ನಾಳಿನ ಬಗ್ಗೆ ಹೆಚ್ಚು ಭರವಸೆಯಿಂದ ಇದ್ದರು.

ಇನ್ನು ನಮ್ಮ ತೋಟಕ್ಕೆ ಬರೋಣ. ಅಡಿಕೆ ಬೆಳೆಯುವವರಿಗೆ ಕೊಳೆರೋಗ ಗೊತ್ತು. ಮಲೆಯಾಳದಲ್ಲಿ ಮಹಾಳಿ ಎನ್ನುತ್ತಾರೆ. ಬಿಡದೆ ಸುರಿಯುವ ಮಳೆಗೆ ಎಳೆ ಕಾಯಿಗಳು ಕೊಳೆತು ಉದುರಿ ಮರದಡಿ ಹಾಸಿಕೊಳ್ಳುತ್ತವೆ. ಒಂದು ವರ್ಷ ಹೀಗೆ ಹೆಚ್ಚಿನ ಬೆಳೆ ಕಳೆದುಕೊಂಡ, ಒಂದೂವರೆ ಎಕ್ರೆ ತೋಟದ ಒಂದು ಕುಟುಂಬ ನಮ್ಮ ಗ್ರಾಹಕರಲ್ಲಿತ್ತು. ಯಜಮಾನರು ತೋಟಕ್ಕೆ ಇಳಿಯುವುದನ್ನೇ ಬಿಟ್ಟಿದ್ದರು. ಅವರ ಹೆಂಡತಿ ಉದುರಿದ ಕಾಯಿಗಳನ್ನು ದಿನಕ್ಕೆ ಎರಡು ಸಾಲು ಮರಗಳಂತೆ ಹೆಕ್ಕಿ ತೋಟದಿಂದ ಹೊರಹಾಕತೊಡಗಿದರು. ರೋಗ ಹರಡದಂತೆ ಅದು ಮಾಡಲೇಬೇಕಾದ ಕೆಲಸ. ನಾಲ್ಕನೆಯ ದಿನ ಯಜಮಾನರೂ ಬುಟ್ಟಿ ಹಿಡಿದು ಇಳಿದರಂತೆ. ಮಳೆ ಬಿಟ್ಟ ಮೇಲೆ ಕಣಿಗಳ ಹೂಳು ತೆಗೆದರು. ಗೊನೆಯಲ್ಲಿ ಉಳಿದಿದ್ದ ಅಡಿಕೆಯನ್ನು ಕೊಯ್ದು ಒಣಗಿಸಿದರು. ಹಾಲಿನ ಸೊಸೈಟಿಯ ಹಣದಲ್ಲಿ ತಿಂಗಳಿಗೆ ನೂರು ರೂಪಾಯಿಯ ಒಂದು ಆರ್.ಡಿ. ಖಾತೆ ಮಾಡಿದರು. ಮರುವರ್ಷ ಮಳೆಗೆ ಮೊದಲೇ ಬೋರ್ಡೋ ಮದ್ದು ಬಿಡಿಸಿದರು. ಶೇಕಡಾ ಒಂದರ ಆ ಮದ್ದಿಗೆ ನೂರು ಲೀಟರ್ ನೀರು, ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಬೇಕು. ಸುಮಾರು ನಲವತ್ತೈದು ದಿನ ಕಳೆದು ಎರಡನೆಯ ಸಲ ಬಿಡಬೇಕು. ಮರುವರ್ಷ ಬೆಳೆ ಪೂರ್ತಿ ಬರಲಿಲ್ಲ, ಆದರೆ ಬಂತು. ಸಾಲದ ಸುಸ್ತಿ ತೀರಿದ್ದು ಮೂರನೆಯ ವರ್ಷ.

ಆ ಮನೆಯಾಕೆ ಹೇಳಿದ ಒಂದು ಮಾತನ್ನು ನಾನು ಮರೆತಿಲ್ಲ. ಮಳೆ ಹಿಡಿಯುವ ಮೊದಲು ಮದ್ದು ಬಿಡುವವರಿಗೆ ಎಷ್ಟು ಬೇಡಿಕೆಯೆಂದು ನಿಮಗೆ ಗೊತ್ತು. "ಕೈಯಲ್ಲಿ ದುಡ್ಡಿಲ್ಲದ ವರ್ಷವೂ ಅವರು ಹೇಳಿದ ದಿನಕ್ಕೇ ಬಂದರು. ಆ ಉಪಕಾರವನ್ನು ಮಕ್ಕಳಿಗೂ ಹೇಳಿಟ್ಟಿದ್ದೇನೆ" ಎಂದಿದ್ದರು. ಅವರು ಅದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಲಿಲ್ಲ. ಕೆಲಸಗಾರರ ಎದುರಿಗೂ ಹೇಳಿದರು, ಅಡಿಕೆ ಮಾರಿದ ದಿನ ಮೊದಲು ಅವರ ಬಾಕಿ ಕೂಲಿ ಕೊಟ್ಟರು. ಮುಂದಿನ ವರ್ಷವೂ ಅವರು ಕರೆದ ದಿನಕ್ಕೆ ಬಂದರು. ಕೃತಜ್ಞತೆಯ ಕೆಲಸ ಇದು. ನಷ್ಟವನ್ನು ಲಾಭವೆಂದು ಹೇಳಿಕೊಳ್ಳಬೇಕಾಗಿಲ್ಲ, ದುಃಖವನ್ನು ನುಂಗಬೇಕಾಗಿಯೂ ಇಲ್ಲ. ಬಿದ್ದಾಗ ಯಾರು ಕೈಕೊಟ್ಟರು ಎಂದು ಗುರುತಿಟ್ಟುಕೊಂಡರೆ, ಮುಂದಿನ ಹೆಜ್ಜೆಗೆ ಯಾರನ್ನು ಕರೆಯಬಹುದು ಎಂಬುದೂ ತಿಳಿಯುತ್ತದೆ.

ಹಾಗಾದರೆ ಆರಂಭ ಹೇಗೆ? ಮಕ್ಕಳು ಅರ್ಧ ಬರೆದು ಬಿಟ್ಟ ಒಂದು ನೋಟ್ ಪುಸ್ತಕ ಸಾಕು. ಪುಟದ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ ಇಂದು ಮುಗಿಸಿದ ಒಂದು ಕೆಲಸ ಬರೆಯಿರಿ. ಅದು ಮುಗಿದ ಕೆಲಸವೇ ಆಗಿರಲಿ, ಮಾಡಬೇಕೆಂದಿರುವುದು ಬೇಡ. "ಪಂಪಿನ ವಾಶರ್ ಬದಲಿಸಿದೆ" ಎಂದಿದ್ದರೂ ಸಾಕು. ಬಲಗಡೆ ಇಂದು ನೆರವಾದ ಒಬ್ಬರ ಹೆಸರು ಬರೆಯಿರಿ. ಅದರ ಕೆಳಗೆ ನಾಳೆ ಅರ್ಧ ಗಂಟೆಯಲ್ಲಿ ಆಗುವ ಒಂದೇ ಒಂದು ಕೆಲಸ. ವಾರದ ಕೊನೆಗೆ ಏಳು ದಿನದ್ದನ್ನೂ ಒಟ್ಟಿಗೆ ಓದಿ.

ಸಾಲಗಳು ಹಲವಿದ್ದರೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇಕಡಾ 36. ಹತ್ತು ಸಾವಿರದ ಕೈಸಾಲಕ್ಕೆ ವರ್ಷಕ್ಕೆ 3,600 ರೂಪಾಯಿ ಬಡ್ಡಿಯೇ ಹೋಗುತ್ತದೆ. ಲೆಕ್ಕದ ಪ್ರಕಾರ ಹೆಚ್ಚು ಬಡ್ಡಿಯದ್ದು ಮೊದಲು ತೀರಬೇಕು. ಆದರೆ ಅಂಗಡಿಯ ಬಾಕಿಯಂಥ ಸಣ್ಣದೊಂದು ಇದ್ದರೆ ಮೊದಲು ಅದನ್ನು ಮುಗಿಸಿ ಹಾಳೆಯ ಮೇಲೆ ಗೆರೆ ಎಳೆಯಿರಿ. ಒಂದು ಹೆಸರು ಹೊಡೆದುಹೋದ ಧೈರ್ಯದಲ್ಲಿ ಹೆಚ್ಚು ಬಡ್ಡಿಯದ್ದಕ್ಕೆ ಕೈಹಾಕಿ.

ಗಡಿನಾಡಿನವರಿಗೆ ಇನ್ನೊಂದು ಮಾತು. ಅರ್ಜಿ ಮಲೆಯಾಳದಲ್ಲಿದೆ, ತಮಿಳಿನಲ್ಲಿದೆ, ಮರಾಠಿಯಲ್ಲಿದೆ ಎಂದು ಹಿಂದೆ ಸರಿಯಬೇಡಿ. ಓದಿ ಹೇಳಿ ಎಂದು ಕೇಳುವುದರಲ್ಲಿ ಅವಮಾನವಿಲ್ಲ. ಸಹಿ ಕನ್ನಡದಲ್ಲಿದ್ದರೂ ಸಹಿಯೇ. ಹೆಬ್ಬೆಟ್ಟು ಒತ್ತುತ್ತಿದ್ದ ಅಜ್ಜಿಯೊಬ್ಬರು ಮೊಮ್ಮಗಳಿಂದ ಕಲಿತು ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದ ದಿನ, ಅದು ಆ ಪುಸ್ತಕದ ಎಡಗಡೆ ಸೇರಬೇಕಾದ ದೊಡ್ಡ ಜಮೆ.

ಎಲ್ಲ ಪೆಟ್ಟುಗಳೂ ನೋಟ್ ಪುಸ್ತಕದಿಂದ ವಾಸಿಯಾಗುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಮನೆಯಲ್ಲಿ ಯಾರಾದರೂ ಊಟ ನಿದ್ದೆ ಬಿಟ್ಟು, ಇನ್ನು ಬದುಕಿ ಪ್ರಯೋಜನವಿಲ್ಲ ಎಂದು ಮಾತನಾಡುತ್ತಿದ್ದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ವೈದ್ಯರ ಬಳಿ ಕರೆದೊಯ್ಯಿರಿ. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಮಾತನಾಡಬಹುದು. ಅಂಥ ಹೊತ್ತಿನಲ್ಲಿ ಆ ಒಂದು ಕರೆ ಮಾಡಿದರೆ ಅದೇ ಆ ದಿನದ ಗೆಲುವು.

ಬಂಧುಗಳೇ, ಬರುವ ಮಳೆಯನ್ನು, ಅಡಿಕೆಯ ಧಾರಣೆಯನ್ನು ನಿಲ್ಲಿಸಲು ನಮ್ಮಿಂದಾಗದು. ಉದುರಿದ ಕಾಯಿಯನ್ನು ಹೆಕ್ಕುವುದು ನಮ್ಮ ಕೈಯಲ್ಲಿದೆ. ಇಂದು ರಾತ್ರಿ ಮಲಗುವ ಮುಂಚೆ ಒಂದು ಸಾಲು ಬರೆಯಿರಿ, ಒಂದು ಹೆಸರು ಬರೆಯಿರಿ. ನಾಳೆ ಆ ಹೆಸರಿನವರು ದಾರಿಯಲ್ಲಿ ಸಿಕ್ಕಿದರೆ ಎರಡು ಮಾತನಾಡಿ, ನಿಮ್ಮಿಂದ ನನಗೆ ಉಪಕಾರವಾಯಿತು ಎಂದು ಹೇಳಿ.